ಪಿಡಿಎಫ್‌ನಲ್ಲಿ ಹಳದಿ ಹಚ್ಚಿದ ಸಾಲುಗಳನ್ನು ಹೊರಗೆ ತೆಗೆಯುವುದು ಹೇಗೆ?

“ಸರ, ಎಲ್ಲಾ ಹಳದಿ ಹಚ್ಚೀನ್ರಿ. ಈಗ ಅದಷ್ಟನ್ನ ಹೊರಗ ತಗಿಯೂದು ಹ್ಯಾಂಗ್ರಿ?”

ವಿಜಯಪುರ, ಬಾಗಲಕೋಟೆ ಕಡೆ ಪಿಎಚ್‌ಡಿ ಮಾಡುವವರಿರಲಿ, ಪಿಡಿಒ, ಪಿಎಸ್‌ಐ ಪರೀಕ್ಷೆಗೆ ಓದುವವರಿರಲಿ, ಈ ಪ್ರಶ್ನೆ ಬಂದೇ ಬರುತ್ತದೆ. ನಾನೂರು ಪುಟದ ಪಿಡಿಎಫ್ ಓದಿ, ಬೇಕಾದ ಕಡೆ ಹೈಲೈಟ್ ಮಾಡಿರುತ್ತಾರೆ. ಪರೀಕ್ಷೆಗೆ ವಾರ ಇದ್ದಾಗ ಆ ಸಾಲುಗಳಷ್ಟೇ ಬೇಕು. ಒಂದೊಂದೇ ಪುಟ ತಿರುವುತ್ತಾ ಕೈಯಿಂದ ಬರೆದುಕೊಂಡು ಕೂರುವವರು ಇನ್ನೂ ಇದ್ದಾರೆ. ಅಷ್ಟು ಕಷ್ಟ ಬೇಡ. ಈ ಕೆಲಸಕ್ಕೆ ಪುಕ್ಕಟೆ ಸಾಫ್ಟ್‌ವೇರ್‌ಗಳು ಬೇಕಾದಷ್ಟಿವೆ, ಒಂದು ರೂಪಾಯಿಯೂ ಖರ್ಚಿಲ್ಲ. ಆದರೆ ಕನ್ನಡದ ಪಿಡಿಎಫ್ ಅಂದಕೂಡಲೇ ಒಂದು ತೊಡಕು ಬರುತ್ತದೆ. ಇಂಗ್ಲಿಷಿನಲ್ಲಿ ಸಿಗುವ ಮಾರ್ಗದರ್ಶಿಗಳು ಅದರ ಬಗ್ಗೆ ಮಾತೇ ಎತ್ತುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಒಂದು ಪರೀಕ್ಷೆ

ನೀವು ಹೈಲೈಟ್ ಮಾಡಿದಾಗ ಪಿಡಿಎಫ್ ಏನು ನೆನಪಿಟ್ಟುಕೊಳ್ಳುತ್ತದೆ ಗೊತ್ತಾ? ಯಾವ ಪುಟ, ಪುಟದ ಯಾವ ಜಾಗ, ಯಾವ ಬಣ್ಣ, ಜೊತೆಗೆ ನೀವೇನಾದರೂ ಟಿಪ್ಪಣಿ ಬರೆದಿದ್ದರೆ ಅದು. ಆ ಸಾಲಿನ ಪದಗಳನ್ನು ಹೆಚ್ಚಿನ ಸಲ ಅದು ಬರೆದಿಟ್ಟುಕೊಳ್ಳುವುದಿಲ್ಲ. ಕಿಟಕಿ ಗಾಜಿನ ಮೇಲೆ ಬಣ್ಣ ಹಚ್ಚಿದ ಹಾಗೆ ಅದು. ಹಿಂದೆ ಏನಿದೆ ಅನ್ನುವುದು ಬಣ್ಣಕ್ಕೆ ಗೊತ್ತಿಲ್ಲ. ಹೈಲೈಟ್ ತೆಗೆಯುವ ಸಾಫ್ಟ್‌ವೇರ್ ಆ ಜಾಗಕ್ಕೆ ಹೋಗಿ, ಬಣ್ಣದ ಕೆಳಗೆ ಇರುವ ಅಕ್ಷರಗಳನ್ನು ಎತ್ತಿಕೊಂಡು ಬರುತ್ತದೆ. ಕೆಳಗೆ ಅಕ್ಷರವೇ ಇಲ್ಲದಿದ್ದರೆ ಅದೇನು ತಂದೀತು?

ಆದ್ದರಿಂದ ಯಾವ ಪಿಡಿಎಫ್ ಬಂದರೂ, ಬಣ್ಣ ಹಚ್ಚುವ ಮೊದಲು ಹೀಗೆ ಮಾಡಿ. ಒಂದು ಸಾಲು ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡಿನಲ್ಲೋ ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳುವ ಚಾಟಿನಲ್ಲೋ ಪೇಸ್ಟ್ ಮಾಡಿ. ಮೂರರಲ್ಲಿ ಒಂದು ಆಗುತ್ತದೆ.

ಸಾಲು ಇದ್ದ ಹಾಗೇ ಬಂದರೆ ನಿಮ್ಮ ಕೆಲಸ ಸಲೀಸು. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಬಂದರೆ ಅದು ನುಡಿಯಂಥ ಹಳೆಯ ಫಾಂಟಿನ ಪಿಡಿಎಫ್. ಸಾಲು ಸೆಲೆಕ್ಟ್ ಆಗುವುದೇ ಇಲ್ಲ ಅಂದರೆ ಅದು ಸ್ಕ್ಯಾನ್, ಅಂದರೆ ಪುಟಗಳ ಫೋಟೋ. ಮೂರಕ್ಕೂ ದಾರಿ ಬೇರೆ ಬೇರೆ. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಇದನ್ನು ಬಿಟ್ಟು ಇಡೀ ಪುಸ್ತಕಕ್ಕೆ ಬಣ್ಣ ಹಚ್ಚಿದವರು ಆಮೇಲೆ ಸಾಫ್ಟ್‌ವೇರ್ ಸರಿ ಇಲ್ಲ ಅನ್ನುತ್ತಾರೆ.

ಅಕ್ಷರ ಸರಿಯಾಗಿ ಬಂದರೆ: ಝೊಟೆರೊ

ನನ್ನ ಮಟ್ಟಿಗೆ ಈ ಕೆಲಸಕ್ಕೆ ಮೊದಲ ಆಯ್ಕೆ ಝೊಟೆರೊ. ಇದು ಸಂಶೋಧಕರಿಗಾಗಿ ಮಾಡಿದ ಉಚಿತ, ಓಪನ್ ಸೋರ್ಸ್ ಸಾಫ್ಟ್‌ವೇರ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. 2022ರಲ್ಲಿ ಬಂದ ಆರನೇ ಆವೃತ್ತಿಯಿಂದ ಪಿಡಿಎಫ್ ಓದುವ, ಹೈಲೈಟ್ ಮಾಡುವ, ಅದನ್ನು ಹೊರತೆಗೆಯುವ ವ್ಯವಸ್ಥೆ ಅದರೊಳಗೇ ಇದೆ. 2024ರ ಏಳನೇ ಆವೃತ್ತಿಯಲ್ಲಿ ಇ-ಪಬ್ ಅನ್ನುವ ಮಾದರಿಯ ಇ-ಪುಸ್ತಕಗಳಿಗೂ ಆ ಸೌಲಭ್ಯ ಬಂತು.

ಉದಾಹರಣೆಗೆ ಒಂದು ಪುಸ್ತಕ ಹಿಡಿಯೋಣ: 1884ರ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ ಬಿಜಾಪುರ ಸಂಪುಟ. ಅದು 23ನೇ ಸಂಪುಟ, ಬೆಳಗಾವಿಯದು 21ನೆಯದು. ನಮ್ಮ ಭಾಗದ ಇತಿಹಾಸದ ಮೇಲೆ ಕೆಲಸ ಮಾಡುವವರು ಇವನ್ನು ಮುಟ್ಟದೆ ಇರುವುದಿಲ್ಲ. ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆ ಆಗಿದ್ದು 1997ರಲ್ಲಿ. ಹಾಗಾಗಿ ಬಾದಾಮಿ, ಐಹೊಳೆ, ಪಟ್ಟದಕಲ್ಲು ಎಲ್ಲಾ ಬಿಜಾಪುರದ ಸಂಪುಟದೊಳಗೇ ಹುಡುಕಬೇಕು.

1. ಝೊಟೆರೊ ಇನ್‌ಸ್ಟಾಲ್ ಮಾಡಿ ತೆರೆಯಿರಿ. ಪಿಡಿಎಫ್ ಫೈಲನ್ನು ಎಳೆದು ಅದರ ಕಿಟಕಿಯೊಳಗೆ ಬಿಡಿ. ಹೊಸ ಇಂಗ್ಲಿಷ್ ಲೇಖನ ಆದರೆ ಶೀರ್ಷಿಕೆ, ಲೇಖಕರ ಹೆಸರು ಅದೇ ಹುಡುಕಿ ತುಂಬಿಕೊಳ್ಳುತ್ತದೆ. ಹಳೆಯ ಪುಸ್ತಕ, ಕನ್ನಡ ಪುಸ್ತಕಗಳಿಗೆ ಅದು ಆಗುವುದು ಕಡಿಮೆ. ಆಗ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಕ್ರಿಯೇಟ್ ಪೇರೆಂಟ್ ಐಟಂ’ ಒತ್ತಿ, ವಿವರವನ್ನು ನೀವೇ ಟೈಪ್ ಮಾಡಿ. ಬೇಸರದ ಕೆಲಸ, ಆದರೆ ಬಿಡಬೇಡಿ. ಮುಂದೆ ಪ್ರತಿ ಸಾಲಿನ ಜೊತೆ ಬರುವ ಉಲ್ಲೇಖ ಇಲ್ಲಿಂದಲೇ ಹೋಗುತ್ತದೆ.

2. ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಝೊಟೆರೊದಲ್ಲೇ ತೆರೆದುಕೊಳ್ಳುತ್ತದೆ. ಸಾಲನ್ನು ಮೌಸ್‌ನಿಂದ ಎಳೆದು ಸೆಲೆಕ್ಟ್ ಮಾಡಿ, ಬಣ್ಣಗಳು ಕಾಣುತ್ತವೆ, ಒಂದನ್ನು ಒತ್ತಿ. ಎಡಗಡೆ ಪಟ್ಟಿಯಲ್ಲಿ ಆ ಸಾಲು ಕೂಡಲೇ ಬಂದು ಕೂರುತ್ತದೆ. ಅದರ ಕೆಳಗೆ ನಿಮ್ಮ ಮಾತು ಬರೆಯಬಹುದು, ಕನ್ನಡದಲ್ಲೇ ಬರೆಯಬಹುದು.

3. ಕೋಷ್ಟಕ, ನಕ್ಷೆ, ಶಾಸನದ ಚಿತ್ರ ಬೇಕಾದರೆ ಮೇಲಿನ ಪಟ್ಟಿಯಲ್ಲಿ ‘ಸೆಲೆಕ್ಟ್ ಏರಿಯಾ’ ಇದೆ. ಅದರಿಂದ ಚೌಕ ಎಳೆದರೆ ಆ ಭಾಗ ಚಿತ್ರವಾಗಿಯೇ ಟಿಪ್ಪಣಿಗೆ ಬರುತ್ತದೆ.

4. ಓದಿ ಮುಗಿದ ಮೇಲೆ ಲೈಬ್ರರಿಗೆ ವಾಪಸ್ ಬನ್ನಿ. ಪುಸ್ತಕದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಆಡ್ ನೋಟ್ ಫ್ರಮ್ ಅನೋಟೇಶನ್ಸ್’ ಒತ್ತಿ. ಹಚ್ಚಿದ ಸಾಲುಗಳೆಲ್ಲ ಪುಟದ ಅನುಕ್ರಮದಲ್ಲಿ, ಉದ್ಧರಣ ಚಿಹ್ನೆಯೊಳಗೆ, ಪುಟಸಂಖ್ಯೆ ಸಮೇತ ಒಂದು ನೋಟ್ ಆಗಿ ಬರುತ್ತವೆ. ನಿಮ್ಮ ಮಾತು ಆಯಾ ಸಾಲಿನ ಪಕ್ಕದಲ್ಲೇ ಇರುತ್ತದೆ.

5. ಆ ನೋಟಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಕ್ಸ್‌ಪೋರ್ಟ್ ನೋಟ್’ ಕೊಟ್ಟರೆ ಬೇರೆ ಫೈಲ್ ಆಗಿ ಸಿಗುತ್ತದೆ. ಅಷ್ಟೂ ಬೇಡ ಅಂದರೆ ಸುಮ್ನೆ ಕಾಪಿ ಮಾಡಿ ವರ್ಡ್‌ನಲ್ಲಿ ಪೇಸ್ಟ್ ಮಾಡಿ.

ಬೇರೆ ಸಾಫ್ಟ್‌ವೇರ್‌ನಲ್ಲಿ ಮೊದಲೇ ಹಚ್ಚಿದ ಹೈಲೈಟ್ ಇದ್ದರೂ ಝೊಟೆರೊ ಅದನ್ನು ಗುರುತಿಸಿ ನೋಟಿಗೆ ಸೇರಿಸುತ್ತದೆ. ಹಾಗಾಗಿ ಹಳೆಯ ಫೈಲುಗಳನ್ನು ಮತ್ತೆ ಮೊದಲಿನಿಂದ ಓದಬೇಕಾಗಿಲ್ಲ.

ಇನ್ನು ಪುಟಸಂಖ್ಯೆಯ ವಿಷಯ. ಗೈಡ್ ಕೈಯಲ್ಲಿ ಬೈಸಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ಹಳೆಯ ಪುಸ್ತಕದ ಪಿಡಿಎಫ್‌ನಲ್ಲಿ ರಟ್ಟು, ಮುನ್ನುಡಿ, ಪರಿವಿಡಿ ಎಲ್ಲಾ ಎಣಿಕೆಗೆ ಬರುತ್ತವೆ. ಪಿಡಿಎಫ್‌ನ 25ನೇ ಪುಟ ಪುಸ್ತಕದಲ್ಲಿ 9ನೇ ಪುಟ ಆಗಿರಬಹುದು. ಪ್ರಬಂಧದಲ್ಲಿ ಕೊಡಬೇಕಾದ್ದು ಅಚ್ಚಾದ ಪುಟಸಂಖ್ಯೆ. ಎಡಗಡೆ ಪಟ್ಟಿಯಲ್ಲಿ ಹೈಲೈಟಿನ ಪುಟಸಂಖ್ಯೆಯನ್ನು ತಿದ್ದಬಹುದು. ಆ ಒಂದು ಪುಟಕ್ಕಷ್ಟೇ ಬದಲಿಸಬೇಕಾ, ಮುಂದಿನ ಪುಟಗಳಿಗೂ ಸೇರಿಸಿ ಬದಲಿಸಬೇಕಾ ಅಂತ ಅದೇ ಕೇಳುತ್ತದೆ. ಓದು ಶುರು ಮಾಡಿದ ದಿನವೇ ಇದನ್ನು ಸರಿ ಮಾಡಿಕೊಳ್ಳಿ.

ಗೆಜೆಟಿಯರಿನದೇ ಇನ್ನೊಂದು ಸಂಗತಿ. ಅದರಲ್ಲಿ ಊರಿನ ಹೆಸರುಗಳನ್ನು ಇಂಗ್ಲಿಷ್ ಅಕ್ಷರದ ತಲೆ ಮೇಲೆ ಸಣ್ಣ ಗೀಟು ಹಾಕಿ ಬರೆದಿದ್ದಾರೆ. ಬಾದಾಮಿಯ ‘ಬಾ’ ದೀರ್ಘ ಅಂತ ತೋರಿಸಲು ಒಂದು, ‘ದಾ’ಗೆ ಇನ್ನೊಂದು. ಸ್ಕ್ಯಾನ್ ಓದುವ ಯಂತ್ರಕ್ಕೆ ಆ ಗೀಟುಗಳು ಒಂದು ಕಡೆ ಒಂದು ಥರ ಕಾಣುತ್ತವೆ, ಇನ್ನೊಂದು ಕಡೆ ಇನ್ನೊಂದು ಥರ. ಬಾದಾಮಿ ಅಂತ ಸರ್ಚ್ ಕೊಟ್ಟು ಏನೂ ಸಿಗಲಿಲ್ಲ ಅಂದರೆ ಪುಸ್ತಕದಲ್ಲಿ ಇಲ್ಲ ಅಂದುಕೊಳ್ಳಬೇಡಿ. ಹೆಸರಿನ ಒಂದು ಚೂರು ಕೊಟ್ಟು ಹುಡುಕಿ. ಹೊರತೆಗೆದ ಸಾಲಿನಲ್ಲೂ ಹೆಸರುಗಳನ್ನು ಮೂಲದ ಜೊತೆ ಹೋಲಿಸಿಯೇ ಬಳಸಿ.

ಝೊಟೆರೊದ ಒಂದು ಗುಣ ಮೊದಲೇ ತಿಳಿದಿರಲಿ. ಅದರಲ್ಲಿ ಮಾಡಿದ ಹೈಲೈಟ್ ಅದರ ಸ್ವಂತ ದಾಖಲೆಯಲ್ಲಿ ಇರುತ್ತದೆ, ಪಿಡಿಎಫ್ ಫೈಲಿನೊಳಗೆ ಅಲ್ಲ. ಫೋಲ್ಡರಿನಿಂದ ನೇರ ಫೈಲ್ ಎತ್ತಿ ಗೆಳೆಯರಿಗೆ ಕಳಿಸಿದರೆ ಅವರಿಗೆ ಬಣ್ಣ ಕಾಣುವುದಿಲ್ಲ. ಫೈಲ್ ಮೆನುವಿನಿಂದ ಹೊರಗೆ ಸೇವ್ ಮಾಡಿದ ಪ್ರತಿ ಕಳಿಸಿ. ಇಂಟರ್ನೆಟ್‌ನಲ್ಲಿ ಫೈಲ್ ಇಡಲು ಉಚಿತವಾಗಿ ಸಿಗುವ ಜಾಗ 300 ಎಂಬಿ ಮಾತ್ರ. ನೋಟುಗಳಿಗೆ ಆ ಮಿತಿ ಇಲ್ಲ. ದೊಡ್ಡ ಪಿಡಿಎಫ್‌ಗಳನ್ನು ಕಂಪ್ಯೂಟರಿನಲ್ಲೇ ಇಟ್ಟುಕೊಂಡು ನೋಟುಗಳನ್ನಷ್ಟೇ ಸಿಂಕ್ ಮಾಡಿದರೆ ವರ್ಷಗಟ್ಟಲೆ ಪುಕ್ಕಟೆ ನಡೆಯುತ್ತದೆ.

ಇಷ್ಟೆಲ್ಲ ಬೇಡ, ಒಂದೇ ಫೈಲ್ ಇದೆ ಅನ್ನುವವರಿಗೆ

ಫಾಕ್ಸಿಟ್ ರೀಡರ್ ಉಚಿತ. ಅದರ ಕಾಮೆಂಟ್ ಪಟ್ಟಿಯಲ್ಲಿ ಹೈಲೈಟ್ ಆದ ಪಠ್ಯವನ್ನು ಎಕ್ಸ್‌ಪೋರ್ಟ್ ಮಾಡುವ ಆಯ್ಕೆ ಇದೆ. ಒತ್ತಿದರೆ ಸಾದಾ ಟೆಕ್ಸ್ಟ್ ಫೈಲ್ ಸಿಗುತ್ತದೆ, ಕೆಲಸ ಮುಗಿಯಿತು.

ಅಡೋಬಿಯ ಉಚಿತ ರೀಡರ್ ಇದ್ದವರು ಓದುವ ಮೊದಲೇ ಒಂದು ಸೆಟ್ಟಿಂಗ್ ಹಾಕಿಕೊಳ್ಳಬೇಕು. ಪ್ರಿಫರೆನ್ಸಸ್ ಒಳಗೆ ಕಾಮೆಂಟಿಂಗ್ ಅಂತ ಇದೆ. ಅಲ್ಲಿ, ಸೆಲೆಕ್ಟ್ ಮಾಡಿದ ಪಠ್ಯವನ್ನು ಹೈಲೈಟಿನ ಕಾಮೆಂಟಿಗೆ ಕಾಪಿ ಮಾಡು ಅನ್ನುವ ಸಾಲಿಗೆ ಟಿಕ್ ಹಾಕಿ. ಆಮೇಲೆ ಹಚ್ಚುವ ಪ್ರತಿ ಹೈಲೈಟಿನ ಜೊತೆ ಪದಗಳೂ ಉಳಿಯುತ್ತವೆ. ಮೊದಲು ಹಚ್ಚಿದ್ದಕ್ಕೆ ಇದು ಅನ್ವಯಿಸುವುದಿಲ್ಲ.

ಇಂಜಿನಿಯರಿಂಗ್ ಹುಡುಗರಿಗೆ, ಅಂದರೆ ಕಪ್ಪು ಪರದೆಯಲ್ಲಿ ಕಮಾಂಡ್ ಬರೆಯಲು ಹೆದರದವರಿಗೆ, ಪಿಡಿಎಫ್‌ಅನಾಟ್ಸ್ ಅನ್ನುವ ಪೈಥಾನ್ ಪ್ರೋಗ್ರಾಂ ಇದೆ. ಪಿಪ್ ಮೂಲಕ ಹಾಕಿಕೊಂಡು, ಅದರ ಹೆಸರು ಬರೆದು ಮುಂದೆ ಫೈಲಿನ ಹೆಸರು ಕೊಟ್ಟರೆ ಹೈಲೈಟ್, ಟಿಪ್ಪಣಿ ಎಲ್ಲಾ ಮಾರ್ಕ್‌ಡೌನ್ ರೂಪದಲ್ಲಿ ಬರುತ್ತವೆ. ಐವತ್ತು ಫೈಲಿದ್ದರೆ ಇದೇ ವಾಸಿ.

ಕಾಪಿ ಮಾಡಿದರೆ ಕಲಸುಮೇಲೋಗರ ಬಂದರೆ

ನುಡಿ ಫಾಂಟಿನಲ್ಲಿ ಮಾಡಿದ ಪಿಡಿಎಫ್‌ನಿಂದ ‘ಕನ್ನಡ’ ಅನ್ನುವ ಪದ ಕಾಪಿ ಮಾಡಿ ನೋಡಿ. ಇಂಗ್ಲಿಷಿನ ಪಿ ಬರುತ್ತದೆ, ತಲೆ ಮೇಲೆ ಗೀಟಿರುವ ಎ ಬರುತ್ತದೆ, ನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ ಇಣುಕುತ್ತದೆ. ವೈರಸ್ ಏನೂ ಅಲ್ಲ, ಗಾಬರಿ ಬೇಡ. ಯುನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ, ಬಳಕೆಗೆ ಬರುವ ಮುಂಚೆ ಕನ್ನಡ ಫಾಂಟ್ ಮಾಡಿದವರು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಆ ಫಾಂಟ್ ಇರುವ ತನಕ ಕಣ್ಣಿಗೆ ಕನ್ನಡ ಕಾಣುತ್ತದೆ. ಕಂಪ್ಯೂಟರಿಗೆ ಮಾತ್ರ ಅದು ಪಿ, ಎ, ಪೌಂಡು. ಹಳೆಯ ಸುತ್ತೋಲೆ, ಕೋಚಿಂಗ್ ನೋಟ್ಸ್, ಡಿಟಿಪಿ ಮಾಡಿಸಿದ ಪ್ರಬಂಧಗಳಲ್ಲಿ ಇದು ಈಗಲೂ ಜಾಸ್ತಿ.

ಯಾವ ಫಾಂಟ್ ಅಂತ ತಿಳಿಯಲು ಅಡೋಬಿ ರೀಡರಿನಲ್ಲಿ ಫೈಲ್, ಪ್ರಾಪರ್ಟೀಸ್, ಫಾಂಟ್ಸ್ ಅಂತ ಹೋಗಿ. ಪಟ್ಟಿಯಲ್ಲಿ ನುಡಿ ಅಂತ ಇದ್ದರೆ ನುಡಿ; ಬಿಆರ್‌ಎಚ್ ಅಂತ ಶುರುವಾದರೆ ಬರಹ. ಇವೆರಡಕ್ಕೂ ದಾರಿ ಇದೆ. ಮೇಲೆ ಹೇಳಿದ ಯಾವುದಾದರೂ ಸಾಫ್ಟ್‌ವೇರಿನಿಂದ ಹೈಲೈಟ್ ತೆಗೆಯಿರಿ. ಕಲಸುಮೇಲೋಗರವೇ ಬರುತ್ತದೆ, ಬರಲಿ. ಅದನ್ನು ಆಸ್ಕಿಯಿಂದ (ಇಂಥ ಹಳೆಯ ಫಾಂಟಿನ ಪಠ್ಯಕ್ಕೆ ಹೇಳುವ ಹೆಸರು) ಯುನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ. ನುಡಿ, ಬರಹ ತಂತ್ರಾಂಶಗಳ ಜೊತೆಗೇ ಪರಿವರ್ತಕ ಬರುತ್ತದೆ. ಇಂಟರ್ನೆಟ್‌ನಲ್ಲೂ ಉಚಿತವಾಗಿ ಸಿಗುತ್ತವೆ. ಪೇಸ್ಟ್ ಮಾಡಿ ಗುಂಡಿ ಒತ್ತಿದರೆ ಓದಬಲ್ಲ ಕನ್ನಡ ಬರುತ್ತದೆ.

ಎರಡು ಎಚ್ಚರಿಕೆ. ನಡುನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡ ಅಂದುಕೊಂಡು ಬದಲಿಸಿಬಿಡುತ್ತದೆ. ಹೆಸರು, ಸೂತ್ರಗಳ ಹತ್ತಿರ ಕಣ್ಣಿಡಿ. ಇನ್ನು ಫಾಂಟ್ ಶ್ರೀಲಿಪಿಯದಾದರೆ ನುಡಿಯ ಪರಿವರ್ತಕ ಕೆಲಸಕ್ಕೆ ಬರುವುದಿಲ್ಲ, ಅದರ ಅಕ್ಷರ ಜೋಡಣೆಯೇ ಬೇರೆ. ಅದಕ್ಕೆ ತಲೆ ಕೆಡಿಸಿಕೊಳ್ಳುವ ಬದಲು ಸ್ಕ್ಯಾನ್ ಪುಸ್ತಕ ಅಂದುಕೊಂಡು, ಚಿತ್ರದಿಂದ ಅಕ್ಷರ ಓದುವ ಓಸಿಆರ್‌ಗೆ (ಅದರ ವಿವರ ಮುಂದಿದೆ) ಹಾಕುವುದೇ ಬೇಗ.

ಯುನಿಕೋಡಿನಲ್ಲೇ ಮಾಡಿದ ಕೆಲವು ಪಿಡಿಎಫ್‌ಗಳೂ ಕೈ ಕೊಡುತ್ತವೆ. ಒತ್ತಕ್ಷರ ಮಾಯ ಆಗುತ್ತದೆ, ಇಲ್ಲಾ ಗುಣಿತದ ಚಿಹ್ನೆ ಪಕ್ಕದ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೂ ಓಸಿಆರೇ ಗತಿ.

ಸ್ಕ್ಯಾನ್ ಪುಸ್ತಕಗಳಿಗೆ: ಮೊದಲು ಓಸಿಆರ್, ಆಮೇಲೆ ಬಣ್ಣ

ಓಸಿಆರ್ ಅಂದರೆ ಚಿತ್ರದಲ್ಲಿರುವ ಅಕ್ಷರವನ್ನು ಓದಿ ಪಠ್ಯ ಮಾಡುವುದು. ಕನ್ನಡಕ್ಕೆ ಉಚಿತವಾಗಿ ಎರಡು ಒಳ್ಳೆಯ ದಾರಿಗಳಿವೆ.

ಸುಲಭದ್ದು ಗೂಗಲ್ ಡ್ರೈವ್. ಪಿಡಿಎಫ್ ಅಪ್‌ಲೋಡ್ ಮಾಡಿ, ಕಂಪ್ಯೂಟರಿನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ‘ಓಪನ್ ವಿತ್’ ಒಳಗೆ ಗೂಗಲ್ ಡಾಕ್ಸ್ ಆರಿಸಿ. ಸ್ವಲ್ಪ ಹೊತ್ತಿಗೆ ಪಠ್ಯ ತೆರೆದುಕೊಳ್ಳುತ್ತದೆ. ಫೈಲ್ 2 ಎಂಬಿ ಒಳಗಿರಲಿ ಅಂತ ಗೂಗಲ್ಲೇ ಹೇಳುತ್ತದೆ. ಆದ್ದರಿಂದ ಇಡೀ ಪುಸ್ತಕ ಹಾಕಬೇಡಿ, ಅಧ್ಯಾಯ ಅಧ್ಯಾಯವಾಗಿ ಒಡೆದು ಹಾಕಿ. ಪುಟದ ವಿನ್ಯಾಸ ಹೋಗುತ್ತದೆ, ಬಣ್ಣವೂ ಉಳಿಯುವುದಿಲ್ಲ. ಬೇಕಾದ ನಾಲ್ಕು ಪುಟದ ಪಠ್ಯ ಸಾಕು ಅನ್ನುವವರಿಗೆ ಇದು ಧಾರಾಳ ಆಯಿತು.

ಇಡೀ ಪುಸ್ತಕಕ್ಕೆ ಓಸಿಆರ್‌ಮೈಪಿಡಿಎಫ್ ಒಳ್ಳೆಯದು. ಇದು ಒಳಗೆ ಟೆಸೆರಾಕ್ಟ್ ಅನ್ನುವ ಉಚಿತ ಓಸಿಆರ್ ಬಳಸುತ್ತದೆ. ಟೆಸೆರಾಕ್ಟ್‌ಗೆ ಕನ್ನಡದ ಭಾಷಾ ಕಡತ ಬೇರೆಯಾಗಿ ಹಾಕಿಕೊಳ್ಳಬೇಕು, ಮರೆಯಬೇಡಿ. ಇದರ ಲಾಭ ಏನಂದರೆ ಪುಟಗಳು ಕಣ್ಣಿಗೆ ಇದ್ದ ಹಾಗೇ ಇರುತ್ತವೆ, ಚಿತ್ರದ ಹಿಂದೆ ಕಾಣದ ಹಾಗೆ ಪಠ್ಯ ಸೇರಿಕೊಳ್ಳುತ್ತದೆ. ಹಾಗೆ ತಯಾರಾದ ಫೈಲನ್ನು ಝೊಟೆರೊಗೆ ಹಾಕಿ ಹೈಲೈಟ್ ಮಾಡಿದರೆ ಸಾಲು ಹೊರಗೆ ಬರುತ್ತದೆ. ಮೊದಲೇ ಬಣ್ಣ ಹಚ್ಚಿದ ಫೈಲಿಗೆ ಆಮೇಲೆ ಓಸಿಆರ್ ಮಾಡಲು ಹೋದರೆ ಹಚ್ಚಿದ ಹೈಲೈಟ್‌ಗಳಿಗೇ ಸಂಚಕಾರ ಬರಬಹುದು.

ಕನ್ನಡದ ಓಸಿಆರ್ ತಪ್ಪು ಮಾಡುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ವ, ಪ, ಮ ಅದಲುಬದಲು. ಥ, ಧ ಗೊಂದಲ. ಸೊನ್ನೆ ಮತ್ತು ಅನುಸ್ವಾರ ಎರಡೂ ಒಂದೇ ದುಂಡಗೆ ಕಾಣುತ್ತವಲ್ವಾ, ಅಲ್ಲೂ ಎಡವುತ್ತದೆ. ಹಳೆಯ ಮೊಳೆ ಅಚ್ಚಿನ ಪುಸ್ತಕಗಳಲ್ಲಿ ಶಾಯಿ ಹರಡಿದ ಕಡೆ ಒತ್ತಕ್ಷರ ತುಂಬಿಹೋಗಿರುತ್ತದೆ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ನಡೆಸಿ ವಚನಗಳನ್ನು ಅಚ್ಚು ಹಾಕಿದ್ದು ಅಂಥ ಕಾಲದಲ್ಲೇ. ಆ ಕಾಲದ ವಚನ ಸಂಪುಟಗಳ ಸ್ಕ್ಯಾನ್ ಇಟ್ಟುಕೊಂಡವರು ಓಸಿಆರ್ ಪಠ್ಯವನ್ನು ನಂಬಿ ಹಾಗೇ ಉಲ್ಲೇಖಿಸಬೇಡಿ. ವಚನ ಸಂಚಯ ಜಾಲತಾಣದಲ್ಲಿ ವಚನಗಳು ಯುನಿಕೋಡಿನಲ್ಲೇ ಇವೆ. ಒಂದು ಪದ ಕೊಟ್ಟು ಹುಡುಕಿದರೆ ಸಿಗುತ್ತವೆ. ಅಲ್ಲಿನ ಪಾಠ, ನಿಮ್ಮ ಸ್ಕ್ಯಾನ್ ಎರಡನ್ನೂ ಪಕ್ಕ ಇಟ್ಟು ನೋಡಿ. ಪಾಠಾಂತರ ಇದ್ದರೆ ನಿಮ್ಮ ಕೈಯಲ್ಲಿರುವ ಅಚ್ಚಿನದನ್ನೇ ಕೊಟ್ಟು, ಅದರ ಪುಟಸಂಖ್ಯೆ ಬರೆಯಿರಿ.

ಮೊಬೈಲಿನಲ್ಲಿ ಓದುವವರು

ಮೊಬೈಲಿನಲ್ಲಿ ಹೈಲೈಟ್ ಮಾಡುವುದು ಸುಲಭ, ಪಟ್ಟಿಯಾಗಿ ತೆಗೆಯುವುದು ಕಷ್ಟ. ನನ್ನ ಸಲಹೆ: ಫೋನಿನಲ್ಲಿ ಓದಿ ಬಣ್ಣ ಹಚ್ಚಿ, ತೆಗೆಯುವ ಕೆಲಸವನ್ನು ಕಂಪ್ಯೂಟರಿಗೆ ಬಿಡಿ. ಸ್ವಂತದ್ದು ಇಲ್ಲದಿದ್ದರೆ ಕಾಲೇಜು ಲೈಬ್ರರಿಯದು ಸಾಕು.

ಇಲ್ಲಿ ಎರಡು ಕಡೆ ಜನ ಸಿಕ್ಕಿಬೀಳುತ್ತಾರೆ. ಅನೇಕ ಆ್ಯಪ್‌ಗಳಲ್ಲಿ ಎರಡು ಥರದ ಹಳದಿ ಇರುತ್ತದೆ. ಒಂದು, ಪಠ್ಯ ಸೆಲೆಕ್ಟ್ ಮಾಡಿ ಹಚ್ಚುವ ಹೈಲೈಟ್. ಇನ್ನೊಂದು, ಬೆರಳಿನಿಂದ ಗೀಚುವ ಮಾರ್ಕರ್. ಎರಡನೆಯದು ಬರೀ ಚಿತ್ರ, ಅದರಿಂದ ಯಾವ ಸಾಫ್ಟ್‌ವೇರೂ ಸಾಲು ತೆಗೆಯುವುದಿಲ್ಲ. ಬಣ್ಣ ಸಾಲಿಗೆ ನೇರ ಅಂಟಿಕೊಂಡರೆ ಸರಿ; ಸೊಟ್ಟಪಟ್ಟ ಬಂದರೆ ಗೀಚಿದ್ದೀರಿ ಅಂತ ಲೆಕ್ಕ. ಜನ ಸಿಕ್ಕಿಬೀಳುವ ಇನ್ನೊಂದು ಕಡೆ, ‘ಪ್ರಿಂಟ್ ಟು ಪಿಡಿಎಫ್’ ಕೊಟ್ಟು ಹೊಸ ಫೈಲ್ ಮಾಡುವುದು. ಹಾಗೆ ಮಾಡಿದರೆ ಬಣ್ಣ ಪುಟಕ್ಕೇ ಅಂಟಿಕೊಂಡು ಹೈಲೈಟ್ ಅನ್ನುವ ಗುರುತೇ ಹೋಗುತ್ತದೆ. ಸುಮ್ನೆ ಸೇವ್ ಮಾಡಿ, ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿ.

ಇ-ಪುಸ್ತಕ ಮತ್ತು ವರ್ಡ್ ಫೈಲ್

ಕಿಂಡಲ್ ಯಂತ್ರ ಇದ್ದರೆ ಕೇಬಲ್ಲಿನಿಂದ ಕಂಪ್ಯೂಟರಿಗೆ ಸೇರಿಸಿ, ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ‘ಮೈ ಕ್ಲಿಪ್ಪಿಂಗ್ಸ್’ ಅನ್ನುವ ಟೆಕ್ಸ್ಟ್ ಫೈಲ್ ತೆರೆಯಿರಿ, ಎಲ್ಲಾ ಅಲ್ಲೇ ಇರುತ್ತದೆ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ, ಟಿಪ್ಪಣಿಗಳನ್ನು ಡ್ರೈವ್‌ಗೆ ಉಳಿಸುವ ಸೆಟ್ಟಿಂಗ್ ಆನ್ ಮಾಡಿದರೆ ಪುಸ್ತಕಕ್ಕೊಂದು ಡಾಕ್ ತಾನೇ ತಯಾರಾಗುತ್ತದೆ. ಕ್ಯಾಲಿಬರ್ ಅನ್ನುವ ಇ-ಪುಸ್ತಕದ ಸಾಫ್ಟ್‌ವೇರಿನಲ್ಲಿ ಇ-ಪಬ್ ಓದಿದರೆ ಹೈಲೈಟ್ ಪಟ್ಟಿಯಿಂದಲೇ ಎಕ್ಸ್‌ಪೋರ್ಟ್ ಇದೆ.

ವರ್ಡ್ ಫೈಲಿಗೆ ಹೊಸ ಸಾಫ್ಟ್‌ವೇರ್ ಏನೂ ಬೇಡ. ಕಚೇರಿಯಲ್ಲಿ ಕೆಲಸ ಮಾಡುವವರಿಗೂ ಇದು ಉಪಯೋಗ. ಅಡ್ವಾನ್ಸ್‌ಡ್ ಫೈಂಡ್ ತೆರೆಯಿರಿ. ಹುಡುಕುವ ಪೆಟ್ಟಿಗೆ ಖಾಲಿ ಬಿಡಿ. ಕೆಳಗೆ ಫಾರ್ಮ್ಯಾಟ್ ಒಳಗೆ ಹೈಲೈಟ್ ಆರಿಸಿ. ‘ಫೈಂಡ್ ಇನ್’ ಒತ್ತಿ ‘ಮೇನ್ ಡಾಕ್ಯುಮೆಂಟ್’ ಕೊಡಿ. ಬಣ್ಣ ಹಚ್ಚಿದ ಸಾಲುಗಳೆಲ್ಲ ಒಟ್ಟಿಗೆ ಸೆಲೆಕ್ಟ್ ಆಗುತ್ತವೆ. ಕಾಪಿ ಮಾಡಿ ಹೊಸ ಫೈಲಿಗೆ ಹಾಕಿ. ಲಿಬ್ರೆ ಆಫೀಸ್ ಬಳಸುವವರಿಗೆ ಪ್ರಿಂಟ್ ಮಾಡುವಾಗ ಕಾಮೆಂಟುಗಳನ್ನಷ್ಟೇ ಪ್ರಿಂಟ್ ಮಾಡುವ ಆಯ್ಕೆ ಇದೆ. ಗೈಡ್ ಬರೆದ ತಿದ್ದುಪಡಿಗಳ ಪಟ್ಟಿ ಬೇಕಾದಾಗ ಅದು ಚೆನ್ನಾಗಿ ಒದಗುತ್ತದೆ.

ಹೈಲೈಟ್ ತೆಗೆದುಕೊಡುತ್ತೇವೆ ಅನ್ನುವ ಜಾಲತಾಣಗಳೂ ಇವೆ. ಎಲ್ಲರಿಗೂ ತೆರೆದಿರುವ ಗೆಜೆಟಿಯರ್, ಪಠ್ಯಪುಸ್ತಕಕ್ಕೆ ಅವನ್ನು ಬಳಸಿದರೆ ತೊಂದರೆ ಇಲ್ಲ. ಇನ್ನೂ ಸಲ್ಲಿಸದ ಪ್ರಬಂಧ, ಕಚೇರಿಯ ಕಡತ, ಆಧಾರ್ ಇರುವ ದಾಖಲೆಗಳನ್ನು ಮಾತ್ರ ಅಲ್ಲಿ ಹಾಕಬೇಡಿ. ಝೊಟೆರೊ, ಫಾಕ್ಸಿಟ್, ಪಿಡಿಎಫ್‌ಅನಾಟ್ಸ್ ಮೂರೂ ಈ ಕೆಲಸವನ್ನು ನಿಮ್ಮ ಕಂಪ್ಯೂಟರಿನಲ್ಲೇ, ಇಂಟರ್ನೆಟ್ ಇಲ್ಲದೆ ಮಾಡುತ್ತವೆ.